ಭಾಷೆ ಬಾರದ ಊರುಗಳಲ್ಲಿ ಇಬ್ನ್ ಬತೂತಾ

ನನ್ನ ಅಣ್ಣ ಸೌದಿ ಅರೇಬಿಯಾದ ದಮ್ಮಾಮ್‌ನಲ್ಲಿ ಒಂದು ಮನೆಗೆ ಡ್ರೈವರ್ ಆಗಿ ಹೋಗಿ ಎರಡು ವರ್ಷವಾಯಿತು. ಹೋಗುವಾಗ ಅವನಿಗೆ ಒಂದು ಧೈರ್ಯವಿತ್ತು. ಚಿಕ್ಕಂದಿನಲ್ಲಿ ಮಕ್ತಬ್‌ನಲ್ಲಿ ಅರಬ್ಬಿ ಅಕ್ಷರ ಕಲಿತಿದ್ದ, ಕುರ್‌ಆನ್ ಪೂರ್ತಿ ಓದಿ ಮುಗಿಸಿದ್ದ. ಹಾಗಾಗಿ ಅಲ್ಲಿ ಮಾತಿಗೆ ಕಷ್ಟವಾಗಲಾರದು ಎಂದುಕೊಂಡಿದ್ದ. ಮೊದಲ ವಾರವೇ ಫೋನ್ ಮಾಡಿ ಅಮ್ಮಿಯ ಹತ್ತಿರ ಅತ್ತುಬಿಟ್ಟ. ಅಂಗಡಿಯ ಬೋರ್ಡು ಓದಲು ಬರುತ್ತದೆ, ಆದರೆ ಆ ಅಂಗಡಿಯೊಳಗೆ ಹೋಗಿ ಉಪ್ಪು ಕೇಳಲು ಬರುವುದಿಲ್ಲ. ಮನೆಯ ಯಜಮಾನರು ಬಲಕ್ಕೆ ತಿರುಗಿಸು ಎಂದರೆ ಇವನು ನೇರ ಹೋಗುತ್ತಿದ್ದ.

ಮೂರನೆಯ ತಿಂಗಳಲ್ಲಿ ಇನ್ನೊಂದು ಪೆಟ್ಟು ಬಿತ್ತು. ಅಲ್ಲಿ ಇವನಿಗೆ ಮಾತು ತಿಳಿಸಿ ಹೇಳುತ್ತಿದ್ದ ಒಬ್ಬ ಪರಿಚಯದವರು ಒಂದು ಅರಬ್ಬಿ ಕಾಗದ ತಂದು, ಇದು ರಜೆಯ ಕಾಗದ ಎಂದು ಹೇಳಿ ಸಹಿ ಮಾಡಿಸಿಕೊಂಡರು. ಅದು ಮುಂಗಡ ಹಣ ಪಡೆದಿದ್ದೇನೆ ಎಂಬ ಕಾಗದವಾಗಿತ್ತು. ಎರಡು ತಿಂಗಳ ಪಗಾರ ಹೋಯಿತು. ಅಬ್ಬಾ ಆ ರಾತ್ರಿ ಊಟ ಮಾಡಲಿಲ್ಲ.

ಈ ಮಾತನ್ನು ಇಲ್ಲಿ ಬರೆಯಲು ಕಾರಣವಿದೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಹೀಗೆ ನಾಲ್ಕೂ ಕಡೆಯಿಂದ ಈ ಕಾಲೇಜಿಗೆ ಬರುವ ನಮ್ಮಲ್ಲಿ ಅನೇಕರ ಮನೆಯಿಂದ ಒಬ್ಬರಾದರೂ ಸೌದಿಯಲ್ಲೋ ದುಬೈಯಲ್ಲೋ ಕತಾರಿನಲ್ಲೋ ಇದ್ದಾರೆ. ಅದೇ ದಿನಗಳಲ್ಲಿ ನಮ್ಮ ಇತಿಹಾಸದ ಉಪನ್ಯಾಸಕರು ನನಗೆ ತರಗತಿಯಲ್ಲಿ ಮಾತಾಡಲು ಇಬ್ನ್ ಬತೂತಾ ಅವರ ವಿಷಯ ಕೊಟ್ಟರು. ಪಾಠದಲ್ಲಿ ಅವರದು ಒಂದೇ ಸಾಲು. ಮೊರೊಕ್ಕೊ ದೇಶದ ಪ್ರವಾಸಿ, ಮುಹಮ್ಮದ್ ಬಿನ್ ತುಘಲಕ್‌ನ ಕಾಲದಲ್ಲಿ ದೆಹಲಿಗೆ ಬಂದರು, ಅಷ್ಟೇ. ಅವರ ಪ್ರವಾಸದ ಕಥೆಯನ್ನು ಓದುತ್ತಾ ಹೋದಂತೆ ನನಗೆ ಕಂಡದ್ದು ಬೇರೆಯೇ ಒಂದು ಸಂಗತಿ. ಸುಮಾರು 30 ವರ್ಷ ತಿರುಗಾಡಿದ ಈ ಮನುಷ್ಯ ಹೆಚ್ಚಿನ ಊರುಗಳಲ್ಲಿ ನನ್ನ ಅಣ್ಣನ ಹಾಗೆಯೇ ಇದ್ದರು. ಅಲ್ಲಿಯ ಮಾತು ಅವರಿಗೆ ಬರುತ್ತಿರಲಿಲ್ಲ.

ಇಬ್ನ್ ಬತೂತಾ ಹುಟ್ಟಿದ್ದು 1304ರಲ್ಲಿ, ಆಫ್ರಿಕಾದ ಉತ್ತರ ತುದಿಯ ತಾಂಜಿಯರ್ ಎಂಬ ಬಂದರು ಊರಿನಲ್ಲಿ. ಮನೆತನದಲ್ಲಿ ಅನೇಕರು ಖಾಜಿಗಳು. ಅವರೂ ಧರ್ಮಶಾಸ್ತ್ರ ಓದಿದರು. 1325ರಲ್ಲಿ, 21ನೆಯ ವಯಸ್ಸಿನಲ್ಲಿ, ತಂದೆ ತಾಯಿಯನ್ನು ಬಿಟ್ಟು ಒಬ್ಬರೇ ಹಜ್‌ಗೆ ಹೊರಟರು. ದಾರಿಯಲ್ಲಿ ಒಂದು ಯಾತ್ರಿಕರ ತಂಡ ಸೇರಿಕೊಂಡು ತ್ಯೂನಿಸ್ ಊರು ತಲುಪಿದಾಗ ಊರಿನವರೆಲ್ಲ ಬಂದು ತಮ್ಮ ತಮ್ಮ ಪರಿಚಯದವರಿಗೆ ಸಲಾಮ್ ಹೇಳಿದರು. ಇವರಿಗೆ ಯಾರೂ ಹೇಳಲಿಲ್ಲ. ಅಲ್ಲಿಯ ಮಾತು ಅರಬ್ಬಿಯೇ, ಇವರಿಗೆ ಚೆನ್ನಾಗಿ ಬರುತ್ತಿತ್ತು. ಆದರೂ ಗುರುತಿನವರು ಯಾರೂ ಇಲ್ಲದ್ದಕ್ಕೆ ಅಲ್ಲಿಯೇ ಅತ್ತುಬಿಟ್ಟರು. ಒಬ್ಬ ಯಾತ್ರಿಕ ಅದನ್ನು ಕಂಡು ಹತ್ತಿರ ಬಂದು ಸಲಾಮ್ ಹೇಳಿ, ಊರೊಳಗೆ ಹೋಗುವವರೆಗೂ ಮಾತಾಡಿಸುತ್ತಾ ಜೊತೆಗೆ ನಡೆದ. ಇಷ್ಟು ದೊಡ್ಡ ಪ್ರವಾಸಿಯೂ ಅತ್ತಿದ್ದಾರೆ ಎಂದು ಓದಿದಾಗ ನನಗೆ ಅಣ್ಣನ ಫೋನು ನೆನಪಾಯಿತು.

ಮಕ್ಕಾ, ಇರಾಕ್, ಇರಾನ್, ಯಮನ್, ಆಫ್ರಿಕಾದ ಪೂರ್ವ ಕರಾವಳಿ ನೋಡಿಕೊಂಡು ಅವರು 1330ರ ನಂತರ ಈಗಿನ ಟರ್ಕಿ ದೇಶಕ್ಕೆ ಹೋದರು. ಅಲ್ಲಿ ಅವರ ಅರಬ್ಬಿ ಯಾರಿಗೂ ತಿಳಿಯುತ್ತಿರಲಿಲ್ಲ, ಅವರ ತುರ್ಕಿ ಮಾತು ಇವರಿಗೆ ತಿಳಿಯುತ್ತಿರಲಿಲ್ಲ. ಅಂತಾಲ್ಯಾ ಎಂಬ ಊರಿನಲ್ಲಿ ಹಳೆಯ ಬಟ್ಟೆ ತೊಟ್ಟ ಒಬ್ಬ ಮನುಷ್ಯ ಬಂದು ಏನೋ ಹೇಳಿದ. ಪಕ್ಕದಲ್ಲಿದ್ದ ಶೇಖರು ಅದನ್ನು ಅರಬ್ಬಿಯಲ್ಲಿ ತಿಳಿಸಿದರು. ಆತ ಇವರನ್ನೂ ಇವರ ಸಂಗಡಿಗರನ್ನೂ ಊಟಕ್ಕೆ ಕರೆಯಲು ಬಂದಿದ್ದ. ಇಷ್ಟು ಬಡವನಿಗೆ ನಾವು ಹೊರೆಯಾಗಬಾರದು ಎಂದು ಇಬ್ನ್ ಬತೂತಾ ಹೇಳಿದರು. ಶೇಖರಿಗೆ ನಗು ಬಂತು. ಆತ ಚರ್ಮ ಹೊಲಿಯುವ ಕಸುಬಿನವ, ಸುಮಾರು 200 ಕಸುಬುದಾರರು ತಮ್ಮ ಮುಖಂಡನೆಂದು ಆರಿಸಿಕೊಂಡಿದ್ದ ವ್ಯಕ್ತಿ. ಅವರೆಲ್ಲ ಸೇರಿ ಒಂದು ಛತ್ರ ಕಟ್ಟಿದ್ದರು. ಹಗಲು ದುಡಿದದ್ದನ್ನು ರಾತ್ರಿ ಪರದೇಶಿಗಳ ಊಟಕ್ಕೆ ಖರ್ಚು ಮಾಡುತ್ತಿದ್ದರು. ಇಂಥ ಸಂಘದವರನ್ನು ಆ ದೇಶದಲ್ಲಿ ಅಖೀಗಳು ಎನ್ನುತ್ತಿದ್ದರು. ಬಟ್ಟೆ ನೋಡಿ ಅಳೆದದ್ದು ತಪ್ಪಾಯಿತೆಂದು ಇಬ್ನ್ ಬತೂತಾರಿಗೆ ತಿಳಿದದ್ದು ನಡುವೆ ಮಾತು ತಿಳಿಸುವವರು ಇದ್ದದ್ದರಿಂದ.

ಲಾದಿಕ್, ಅಂದರೆ ಈಗಿನ ದೆನಿಜ್ಲಿ ಊರಿನಲ್ಲಿ ಇನ್ನೂ ಸ್ವಾರಸ್ಯದ ಘಟನೆ ನಡೆಯಿತು. ಇವರ ತಂಡ ಪೇಟೆ ಹಾದು ಹೋಗುವಾಗ ಅಂಗಡಿಗಳಿಂದ ಕೆಲವರು ಇಳಿದು ಬಂದು ಕುದುರೆಯ ಲಗಾಮು ಹಿಡಿದರು. ಇನ್ನೊಂದು ಗುಂಪು ಬಂದು ಅವರೊಡನೆ ಜಗಳಕ್ಕೆ ನಿಂತಿತು. ಚೂರಿಗಳು ಹೊರಬಂದವು. ಇವರು ದರೋಡೆಕೋರರ ಕೈಗೆ ಸಿಕ್ಕೆವೆಂದು ನಡುಗಿದರು. ಅಷ್ಟರಲ್ಲಿ ಹಜ್ ಮಾಡಿ ಬಂದಿದ್ದ, ಅರಬ್ಬಿ ಬಲ್ಲ ಒಬ್ಬರು ಬಂದು ವಿಷಯ ತಿಳಿಸಿದರು. ಅವು ಎರಡು ಅಖೀ ಗುಂಪುಗಳು. ಅತಿಥಿಗಳು ನಮ್ಮಲ್ಲಿ ಉಳಿಯಬೇಕು, ನಮ್ಮಲ್ಲಿ ಉಳಿಯಬೇಕು ಎಂದು ಅವರ ಜಗಳ! ಕೊನೆಗೆ ಚೀಟಿ ಎತ್ತಿ, ಮೊದಲು ಒಬ್ಬರಲ್ಲಿ, ಆಮೇಲೆ ಇನ್ನೊಬ್ಬರಲ್ಲಿ ಎಂದು ತೀರ್ಮಾನವಾಯಿತು. ಆ ಹಾಜಿ ಬರದೇ ಹೋಗಿದ್ದರೆ ಆ ದಿನ ಏನಾಗುತ್ತಿತ್ತೋ. ಪ್ರೀತಿಯೂ ಮಾತು ತಿಳಿಯದಿದ್ದರೆ ಭಯವಾಗಿ ಕಾಣುತ್ತದೆ.

ಆದರೆ ನಡುವೆ ನಿಂತು ಮಾತು ದಾಟಿಸುವವರೆಲ್ಲ ಹೀಗೆ ಒಳ್ಳೆಯವರೇ ಇರಲಿಲ್ಲ. ಒಂದು ಊರಿನ ಛತ್ರದಲ್ಲಿ ಯಜಮಾನನಿಗೆ ಇವರ ಮಾತು ತಿಳಿಯಲಿಲ್ಲ. ನಮ್ಮ ಊರಿನ ಪಂಡಿತರಿಗೆ ಅರಬ್ಬಿ ಬರುತ್ತದೆ ಎಂದು ಅವರನ್ನು ಕರೆಸಿದ. ಪಂಡಿತರಿಗೆ ಬರುತ್ತಿದ್ದದ್ದು ಪಾರ್ಸಿ ಮಾತ್ರ. ಊರಿನಲ್ಲಿ ಮರ್ಯಾದೆ ಹೋಗಬಾರದಲ್ಲ, ಅದಕ್ಕೆ ಅವರು ಯಜಮಾನನಿಗೆ ಪಾರ್ಸಿಯಲ್ಲಿ ಒಂದು ಉಪಾಯದ ಮಾತು ಹೇಳಿದರು. ಇವರು ಆಡುವುದು ಹಳೆಯ ಕಾಲದ ಅರಬ್ಬಿ, ನನಗೆ ಬರುವುದು ಹೊಸ ಅರಬ್ಬಿ ಎಂದು. ಯಜಮಾನ ಅದನ್ನು ನಂಬಿದ. ಹಳೆಯ ಅರಬ್ಬಿ ಎಂದರೆ ಪ್ರವಾದಿಯವರ ಕಾಲದ ಭಾಷೆ ಎಂದು ತಿಳಿದು ಅತಿಥಿಗಳಿಗೆ ಇನ್ನೂ ಹೆಚ್ಚು ಗೌರವ ಮಾಡಿದ. ಇಬ್ನ್ ಬತೂತಾರಿಗೆ ಆಗ ಏನೂ ತಿಳಿಯಲಿಲ್ಲ. ಆದರೆ ಆ ಶಬ್ದಗಳನ್ನು ಹಾಗೆಯೇ ನೆನಪಿಟ್ಟುಕೊಂಡರು. ಮುಂದೆ ಪಾರ್ಸಿ ಕಲಿತ ಮೇಲೆ ಒಂದು ದಿನ ಅದರ ಅರ್ಥ ಹೊಳೆಯಿತು. ನನಗೆ ಈ ಕಥೆಯಲ್ಲಿ ಪಂಡಿತರ ಸುಳ್ಳಿಗಿಂತ ಇದೇ ಹೆಚ್ಚು ಹಿಡಿಸಿತು. ತಿಳಿಯದ ಮಾತನ್ನೂ ಅವರು ಕಿವಿಯಲ್ಲಿ ಕಟ್ಟಿಟ್ಟುಕೊಂಡು ಹೋಗುತ್ತಿದ್ದರು.

ಅದೇ ದಾರಿಯ ಮುಂದಿನ ಊರಿನಲ್ಲಿ ಸಂಗಡಿಗರು ತುಪ್ಪ ತರಲು ಅಂಗಡಿಗೆ ಹೋದರು. ಅರಬ್ಬಿಯಲ್ಲಿ ತುಪ್ಪಕ್ಕೆ ಸಮ್ನ್ ಎನ್ನುತ್ತಾರೆ. ಅಂಗಡಿಯವನು ತಲೆಯಾಡಿಸಿ, ಹಣ ತೆಗೆದುಕೊಂಡು, ಮಗನನ್ನು ಕಳಿಸಿ ಒಣಹುಲ್ಲು ತರಿಸಿಕೊಟ್ಟ. ತುರ್ಕಿಯಲ್ಲಿ ಸಮನ್ ಎಂದರೆ ಒಣಹುಲ್ಲು. ಅಂಗಡಿಯವನ ತಪ್ಪೂ ಇಲ್ಲ, ಇವರ ತಪ್ಪೂ ಇಲ್ಲ. ಎಲ್ಲರೂ ನಕ್ಕರು. ಆದರೆ ಆ ಚಳಿಗಾಲ ನಗುವಷ್ಟು ಸುಲಭವಾಗಿರಲಿಲ್ಲ. ಹಿಮ ಬಿದ್ದು ದಾರಿ ಮುಚ್ಚಿತ್ತು. ದಾರಿ ತೋರಿಸುತ್ತೇನೆಂದು ಬಂದವನೊಬ್ಬ ಹಣ ಪಡೆದು ನಡುದಾರಿಯಲ್ಲಿ ಬಿಟ್ಟು ಓಡಿಹೋದ.

ಮುದುರ್ನು ಎಂಬ ಊರಿನಲ್ಲಿ ಕೊನೆಗೆ ಅರಬ್ಬಿ ಬಲ್ಲ ಒಬ್ಬ ಹಾಜಿ ಸಿಕ್ಕ. ಕಸ್ತಮೋನು ಊರಿನವರೆಗೆ ದುಭಾಷಿಯಾಗಿ ಬಾ ಎಂದು ಅವನಿಗೆ ಬಟ್ಟೆ ಕೊಟ್ಟರು, ಸವಾರಿಗೆ ಕುದುರೆ ಕೊಟ್ಟರು. ಅವನು ಮಹಾ ಆಸೆಬುರುಕ. ಕೊಂಡು ತರುವ ಎಲ್ಲದರಲ್ಲೂ ಹಣ ಎತ್ತಿಕೊಳ್ಳುತ್ತಿದ್ದ. ಅವನನ್ನು ಬಿಟ್ಟರೆ ಮಾತಾಡುವವರು ಬೇರೆ ಯಾರೂ ಇಲ್ಲ, ಹಾಗಾಗಿ ಸಹಿಸಿಕೊಂಡರು. ಕೊನೆಕೊನೆಗೆ ಪ್ರತಿ ಸಂಜೆ ಇವರೇ, ಹಾಜಿ, ಇವತ್ತು ಎಷ್ಟು ಕದ್ದೆ ಎಂದು ಕೇಳುವುದು, ಅವನು ಇಷ್ಟು ಎಂದು ಹೇಳುವುದು, ಎಲ್ಲರೂ ನಗುವುದು, ಹೀಗೆ ನಡೆಯಿತು. ದಾರಿಯಲ್ಲಿ ಅವನ ತಂಗಿಯ ಮನೆಯಲ್ಲಿ ಒಂದು ರಾತ್ರಿ ಉಳಿದರು. ಆಕೆ ಒಣಗಿಸಿದ ಹಣ್ಣುಗಳನ್ನು ಕೊಟ್ಟು ಉಪಚರಿಸಿದಳು. ಆಕೆಗೆ ಏನಾದರೂ ಕೊಡಬೇಕೆಂದರೆ, ಅವಳಿಗೆ ಬೇಡ, ನನಗೆ ಕೊಡಿ ಎಂದು ಅಣ್ಣನೇ ಅಡ್ಡ ಬಂದ. ಅವನಿಗೂ ಕೊಟ್ಟರು, ಅವನ ಕಣ್ಣು ತಪ್ಪಿಸಿ ಆಕೆಗೂ ಕೊಟ್ಟರು.

ಇದನ್ನು ತರಗತಿಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ನನಗೆ ಪೂರ್ತಿ ನಗಲು ಆಗಲಿಲ್ಲ. ಇಬ್ನ್ ಬತೂತಾ ನಗಬಹುದಿತ್ತು, ಅವರ ಕೈಯಲ್ಲಿ ಹಣವಿತ್ತು, ಜೊತೆಗೆ ಸಂಗಡಿಗರಿದ್ದರು. ನನ್ನ ಅಣ್ಣನ ಕೈಯಲ್ಲಿ ಇದ್ದದ್ದು ಎರಡು ತಿಂಗಳ ಪಗಾರ ಮಾತ್ರ.

ಟರ್ಕಿ ದಾಟಿ, ಕಪ್ಪು ಸಮುದ್ರದ ಆಚೆ ಉಜ್ಬೆಕ್ ಖಾನನ ರಾಜ್ಯ ಸೇರಿದರು. ಖಾನನ ರಾಣಿಯರಲ್ಲಿ ಒಬ್ಬಾಕೆ ಕಾನ್‌ಸ್ಟಾಂಟಿನೋಪಲ್‌ನ ಕ್ರೈಸ್ತ ಚಕ್ರವರ್ತಿಯ ಮಗಳು. ಆಕೆ ತವರಿಗೆ ಹೊರಟಾಗ ಇವರೂ ಜೊತೆಗೆ ಹೋದರು. ಅರಮನೆಯಲ್ಲಿ ಮೈ ತಪಾಸಣೆ ಮಾಡಿ ಒಳಗೆ ಕರೆದೊಯ್ಯುವಾಗ ಇವರಿಗೆ ಹೆದರಿಕೆಯಾಯಿತು. ಆಗ ಸಿರಿಯಾ ದೇಶದ ಒಬ್ಬ ಯಹೂದಿ ಅರಬ್ಬಿಯಲ್ಲಿ ಧೈರ್ಯ ಹೇಳಿದ. ಅತಿಥಿಗಳನ್ನು ಹೀಗೆ ಬರಮಾಡಿಕೊಳ್ಳುವುದು ಇಲ್ಲಿಯ ಪದ್ಧತಿ, ನಾನೇ ದುಭಾಷಿ ಎಂದ. ಚಕ್ರವರ್ತಿ ಜೆರುಸಲೇಮಿನ ಬಗ್ಗೆ, ದಮಾಸ್ಕಸ್, ಈಜಿಪ್ಟ್, ಇರಾಕ್ ಬಗ್ಗೆ ಕೇಳಿದ ಪ್ರಶ್ನೆಗಳನ್ನೂ ಇವರ ಉತ್ತರಗಳನ್ನೂ ಆತ ದಾಟಿಸಿದ. ಚಕ್ರವರ್ತಿ ಸಂತೋಷಪಟ್ಟು ಉಡುಗೊರೆ ಕೊಟ್ಟ. ಕ್ರೈಸ್ತ ಅರಸ, ಮುಸ್ಲಿಂ ಅತಿಥಿ, ನಡುವೆ ಯಹೂದಿ ದುಭಾಷಿ. ಮೂವರ ಮಾತೂ ಕೆಡದೆ ನಡೆಯಿತು.

1333ರ ಸೆಪ್ಟೆಂಬರಿನಲ್ಲಿ ಸಿಂಧೂ ನದಿಗೆ ಬಂದರು. ದೆಹಲಿಯಲ್ಲಿ ಸುಲ್ತಾನ ಇವರನ್ನು ನಗರದ ಖಾಜಿಯಾಗಿ ನೇಮಿಸಿದ. ವರ್ಷಕ್ಕೆ 12,000 ದೀನಾರ್ ಸಂಬಳ. ಇವರು ಮುಚ್ಚುಮರೆ ಮಾಡಲಿಲ್ಲ. ತಾವು ಮಾಲಿಕಿ ಪಂಥದವರು, ಇಲ್ಲಿಯವರು ಹನಫಿಗಳು, ಅದೂ ಅಲ್ಲದೆ ತಮಗೆ ಇಲ್ಲಿಯ ಭಾಷೆ ಬರುವುದಿಲ್ಲ ಎಂದು ಹೇಳಿಬಿಟ್ಟರು. ಸುಲ್ತಾನ ಅದಕ್ಕೆ ಇಬ್ಬರು ಸಹಾಯಕರನ್ನು ಕೊಟ್ಟ, ಒಬ್ಬರು ಮುಲ್ತಾನಿನವರು, ಇನ್ನೊಬ್ಬರು ಬಿಜನೋರಿನವರು. ಅವರು ಇವರ ಸಲಹೆ ಕೇಳಿ ಕೆಲಸ ಮಾಡಬೇಕು, ಕಾಗದಗಳಿಗೆ ಇವರು ಸಹಿ ಹಾಕಬೇಕು. ತನಗೆ ಬಾರದ್ದನ್ನು ಬಾರದು ಎಂದು ಅರಸನ ಮುಂದೆ ಹೇಳುವುದು ಸಣ್ಣ ಮಾತಲ್ಲ. ಆ ಪಾರ್ಸಿ ಪಂಡಿತರಿಗೆ ಊರ ಛತ್ರದಲ್ಲಿ ಆಗದೆ ಹೋದದ್ದು ಇದೇ.

ಎಂಟು ವರ್ಷಗಳ ಮೇಲೆ ಸುಲ್ತಾನ ಅವರನ್ನು ಚೀನಾಕ್ಕೆ ರಾಯಭಾರಿಯಾಗಿ ಕಳಿಸಿದ. ಆ ಪ್ರಯಾಣದಲ್ಲೇ ಅವರು ನಮ್ಮ ಕಡೆಗೆ ಬಂದದ್ದು. ದೌಲತಾಬಾದ್, ಖಂಬಾತ್ ಹಾದು ಹಡಗು ಹತ್ತಿ ಗೋವೆಯ ಕಡೆಯಿಂದ ಹೊನ್ನಾವರಕ್ಕೆ ಇಳಿದರು. ಹಾನಗಲ್ಲಿನಿಂದ ಶಿರಸಿ ಹಾದು ಘಟ್ಟ ಇಳಿದರೆ ಸಿಗುವ ಅದೇ ಹೊನ್ನಾವರ. ಆಗ ಅಲ್ಲಿ ಜಮಾಲುದ್ದೀನ್ ಎಂಬ ಸುಲ್ತಾನ ಇದ್ದ. ಊರಿನವರು ಶಾಫಿ ಪಂಥದ ಮುಸ್ಲಿಮರು, ಸಮುದ್ರದ ವ್ಯಾಪಾರದಿಂದ ಬದುಕುವವರು. ಅಲ್ಲಿ ಹುಡುಗಿಯರಿಗೆ 13 ಶಾಲೆಗಳು, ಹುಡುಗರಿಗೆ 23 ಶಾಲೆಗಳು ಇದ್ದವು, ಇಂಥದ್ದನ್ನು ತಾವು ಬೇರೆಲ್ಲೂ ಕಾಣಲಿಲ್ಲ ಎಂದು ಅವರು ಬರೆಸಿದ್ದಾರೆ. ಅಲ್ಲಿಯ ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿದ್ದರು, ಹೊಲಿಗೆ ಇಲ್ಲದ ಉದ್ದನೆಯ ಬಟ್ಟೆ ಉಡುತ್ತಿದ್ದರು, ಮೂಗಿಗೆ ಚಿನ್ನದ ನತ್ತು ಹಾಕುತ್ತಿದ್ದರು. ಸುಮಾರು 680 ವರ್ಷಗಳ ಹಿಂದೆ, ನಮ್ಮ ಘಟ್ಟದ ಬುಡದಲ್ಲೇ, ಹುಡುಗಿಯರಿಗೆ 13 ಶಾಲೆ! ಇದನ್ನು ನಾನು ತರಗತಿಯಲ್ಲಿ ಎರಡು ಸಲ ಓದಿದೆ.

ಸುಲ್ತಾನನ ಮನೆಯ ಊಟವನ್ನು ಅವರು ವಿವರಿಸಿದ ಬಗೆ ನೋಡಿದರೆ ಭಾಷೆ ಬಾರದವರು ಊರನ್ನು ಹೇಗೆ ಕಲಿಯುತ್ತಾರೆ ಎಂದು ತಿಳಿಯುತ್ತದೆ. ತಾಮ್ರದ ದೊಡ್ಡ ಸೌಟಿನಿಂದ ಅನ್ನ ಬಡಿಸುತ್ತಾರೆ, ಮೇಲೆ ತುಪ್ಪ. ಪಕ್ಕದಲ್ಲಿ ಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಒಂದು ತುತ್ತು ಅನ್ನ, ಅದರ ಹಿಂದೆ ಸ್ವಲ್ಪ ಉಪ್ಪಿನಕಾಯಿ. ಮತ್ತೆ ಅನ್ನ, ಕೋಳಿ. ಮತ್ತೆ ಅನ್ನ, ಮೀನು. ಆಮೇಲೆ ತರಕಾರಿ. ಎಲ್ಲದರ ಕೊನೆಗೆ ಮೊಸರು. ಮೊಸರು ಬಂತೆಂದರೆ ಇನ್ನು ಬೇರೇನೂ ಬರುವುದಿಲ್ಲ ಎಂದು ತಿಳಿಯಬೇಕು. ಇದನ್ನು ಅವರಿಗೆ ಯಾರಾದರೂ ಹೇಳಿಕೊಟ್ಟರೋ, ತಾವೇ ನೋಡಿ ತಿಳಿದರೋ, ನಮ್ಮ ಊಟದ ಸಾಲಿನಲ್ಲಿ ಇವತ್ತು ಕುಳಿತರೂ ಅವರು ತಪ್ಪುವುದಿಲ್ಲ. ಇನ್ನೊಮ್ಮೆ ಬಂದಾಗ ಅಲ್ಲಿ 11 ತಿಂಗಳು ರೊಟ್ಟಿಯನ್ನೇ ಕಾಣದೆ ಅನ್ನದಲ್ಲೇ ಕಳೆದರು.

ಬಾರ್ಕೂರು, ಮಂಗಳೂರು ದಾಟಿ ಕಲ್ಲಿಕೋಟೆಯಲ್ಲಿ ಹಡಗು ಒಡೆದು ರಾಯಭಾರವೇ ಮುಳುಗಿತು. ಆದರೂ ಮಾಲ್ಡೀವ್ಸ್, ಶ್ರೀಲಂಕಾ, ಬಂಗಾಳ, ಸುಮಾತ್ರಾ ಹಾದು ಚೀನಾ ತಲುಪಿದರು. ಅವರ ಚೀನಾ ಪ್ರಯಾಣದ ಕೆಲವು ಭಾಗಗಳನ್ನು ಇತಿಹಾಸಕಾರರು ಸಂಶಯಿಸುತ್ತಾರೆ. ಅಲ್ಲಿ ಅವರಿಗೆ ಮನಸ್ಸು ಹತ್ತಲಿಲ್ಲ. ಹೊರಗೆ ಹೋದರೆ ಬೇಸರ, ಆದ್ದರಿಂದ ಹೆಚ್ಚಾಗಿ ಮನೆಯಲ್ಲೇ ಉಳಿದರು. ಮುಸ್ಲಿಮರು ಕಂಡರೆ ನೆಂಟರು ಸಿಕ್ಕಷ್ಟು ಸಂತೋಷ. ಒಮ್ಮೆ ಒಬ್ಬರನ್ನು ದಿಟ್ಟಿಸಿ ನೋಡಿದರು, ಆತ ಇವರ ಊರಿನ ಪಕ್ಕದ ಸಿಯೂತಾ ಊರಿನವನು! ಇಬ್ಬರೂ ಅತ್ತರು. ವರ್ಷಗಳ ನಂತರ ಸಹಾರಾ ಮರುಭೂಮಿಯ ಅಂಚಿನ ಸಿಜಿಲ್ಮಾಸಾ ಊರಿನಲ್ಲಿ ಅದೇ ಮನುಷ್ಯನ ಸಹೋದರನ ಮನೆಯಲ್ಲಿ ಇವರು ಅತಿಥಿಯಾಗಿ ಉಳಿದರು.

1349ರಲ್ಲಿ ಊರಿಗೆ ಮರಳಿದಾಗ ತಾಯಿ ಪ್ಲೇಗಿನಲ್ಲಿ ತೀರಿಕೊಂಡಿದ್ದರು. ತಂದೆ ತೀರಿಕೊಂಡು 15 ವರ್ಷವಾಗಿದೆ ಎಂಬ ಸುದ್ದಿ ದಮಾಸ್ಕಸ್‌ನಲ್ಲೇ ಸಿಕ್ಕಿತ್ತು. ಜಗತ್ತು ನೋಡಿದವರು ಕೊಟ್ಟ ಬೆಲೆ ಅದು. ಅಮ್ಮಿಗೆ ನಾನು ಈ ಭಾಗವನ್ನು ಹೇಳಲೇ ಇಲ್ಲ.

ಕೊನೆಯ ಪ್ರವಾಸ ಸಹಾರಾ ದಾಟಿ ಮಾಲಿ ರಾಜ್ಯಕ್ಕೆ. ಅಲ್ಲಿಯ ದಾರಿಯಲ್ಲಿ ಅವರು ಭಾರೀ ಗಾತ್ರದ ಮರಗಳನ್ನು ಕಂಡರು. ಒಂದು ಮರದ ಪೊಟರೆಯೊಳಗೆ ನೇಕಾರನೊಬ್ಬ ಮಗ್ಗ ಹಾಕಿಕೊಂಡು ಬಟ್ಟೆ ನೇಯುತ್ತಿದ್ದ. ಆ ಮರಗಳು ನಮ್ಮ ಸವಣೂರಿನ ದೊಡ್ಡ ಹುಣಸೆ ಮರಗಳ ಜಾತಿಯವೇ ಎಂದು ತಿಳಿದಾಗ ನಾನು ಬೆರಗಾದೆ. ಆಫ್ರಿಕಾದ ಮರ ಸವಣೂರಿನ ಮಣ್ಣಿಗೆ ಹೊಂದಿಕೊಂಡು ನಿಂತಿದೆ. ಮನುಷ್ಯರಿಗೆ ಅಷ್ಟು ಸುಲಭವಲ್ಲ. ಮಾಲಿಯ ಅರಸ ಸ್ವಾಗತದ ಉಡುಗೊರೆ ಕಳಿಸಿದ ಎಂದಾಗ ಇವರು ಬಟ್ಟೆ, ಹಣ ಎಂದುಕೊಂಡರು. ಬಂದದ್ದು ಮೂರು ರೊಟ್ಟಿ, ಒಂದು ತುಂಡು ಮಾಂಸ, ಒಂದು ಸೋರೆಬುರುಡೆ ಮೊಸರು. ನಕ್ಕುಬಿಟ್ಟರು. ಆ ಊರಿನಲ್ಲಿ ಅದಕ್ಕೆ ಏನು ಬೆಲೆ ಎಂದು ಯೋಚಿಸಿದಂತೆ ಕಾಣುವುದಿಲ್ಲ. ಅಂತಾಲ್ಯಾದ ಚರ್ಮಗಾರನ ಬಟ್ಟೆ ನೋಡಿ ಮಾಡಿದ ತಪ್ಪನ್ನೇ 20 ವರ್ಷದ ನಂತರ ಮತ್ತೆ ಮಾಡಿದರು. ಅರಸನ ದುಭಾಷಿ ದೂಘಾ ಎಂಬಾತ, ನೀವು ಮಾತಾಡಿ, ನಾನು ತಿಳಿಸುತ್ತೇನೆ ಎಂದು ಧೈರ್ಯ ಕೊಟ್ಟ ಮೇಲೆ ಇವರು ಅರಸನ ಮುಂದೆ ಮಾತಾಡಿದರು. ಆಮೇಲೆ ಮನೆಯೂ ಸಿಕ್ಕಿತು, ಖರ್ಚಿಗೆ ಹಣವೂ ಸಿಕ್ಕಿತು.

1354ರಲ್ಲಿ ಮೊರೊಕ್ಕೊಕ್ಕೆ ಮರಳಿದರು. ಅಲ್ಲಿಯ ಸುಲ್ತಾನನ ಆಜ್ಞೆಯಂತೆ ಇಬ್ನ್ ಜುಝೈ ಎಂಬ ವಿದ್ವಾಂಸರಿಗೆ ಎಲ್ಲವನ್ನೂ ನೆನಪಿನಿಂದ ಹೇಳಿ ಬರೆಸಿದರು. 1355ರಲ್ಲಿ ಆ ಗ್ರಂಥ ಮುಗಿಯಿತು. ಅವರು ತಿರುಗಿದ ದೂರ ಸುಮಾರು 1,20,000 ಕಿಲೋಮೀಟರ್ ಎಂದು ಅಂದಾಜು. ಮುಂದೆ ಒಂದು ಊರಿನ ಖಾಜಿಯಾಗಿದ್ದು, 1368-69ರ ಸುಮಾರಿಗೆ ತೀರಿಕೊಂಡರು.

ಈ ಜೀವನ ಓದಿ ನನಗೆ ಅನ್ನಿಸಿದ್ದು ಇಷ್ಟು. ಭಾಷೆ ಬಾರದವನ ಬದುಕು ನಡುವೆ ನಿಂತವನ ಕೈಯಲ್ಲಿರುತ್ತದೆ. ಅವನು ದಾಟಿಸುವ ಮಾತು ಒಂದು ಅಮಾನತ್. ಲಾದಿಕ್‌ನ ಹಾಜಿ ಅದನ್ನು ಉಳಿಸಿಕೊಂಡ, ಮುದುರ್ನುವಿನ ಹಾಜಿ ಅದನ್ನು ತಿಂದ. ಇಬ್ಬರೂ ಹಜ್ ಮಾಡಿದವರೇ.

ಇದನ್ನು ದಮ್ಮಾಮ್‌ನ ವಿಷಯ ಎಂದುಕೊಳ್ಳಬೇಡಿ. ಹಾನಗಲ್ಲಿನ ಒಂದು ಔಷಧಿ ಅಂಗಡಿಯಲ್ಲಿ ಹೋದ ತಿಂಗಳು ಬಿಹಾರದ ಕಡೆಯ ಒಬ್ಬ ಕಟ್ಟಡ ಕೆಲಸಗಾರ ನಿಂತಿದ್ದ. ಅಂಗಡಿಯವರು ಕನ್ನಡದಲ್ಲಿ ಯಾವ ಗುಳಿಗೆ ಊಟಕ್ಕೆ ಮೊದಲು, ಯಾವುದು ಊಟವಾದ ಮೇಲೆ ಎಂದು ಹೇಳುತ್ತಿದ್ದರು. ಅವನು ಎಲ್ಲದಕ್ಕೂ ತಲೆಯಾಡಿಸುತ್ತಿದ್ದ. ಏನೂ ತಿಳಿದಿಲ್ಲ ಎಂದು ಅವನ ಮುಖ ಹೇಳುತ್ತಿತ್ತು. ಮೊದಲಾಗಿದ್ದರೆ ನಾನು ಸಂಕೋಚಪಟ್ಟು ನನ್ನ ಪಾಡಿಗೆ ಬರುತ್ತಿದ್ದೆ. ಮನೆಯಲ್ಲಿ ಉರ್ದು, ಹೊರಗೆ ಕನ್ನಡ ಮಾತಾಡುವ ನಾವು ಈ ಊರಿನ ದುಭಾಷಿಗಳು ಎಂದು ನನಗೆ ಅವತ್ತು ಹೊಳೆಯಿತು. ಅಂಗಡಿಯವರನ್ನು ಮತ್ತೊಮ್ಮೆ ಕೇಳಿ, ಒಂದೊಂದೇ ಗುಳಿಗೆ ತೋರಿಸಿ ಅವನಿಗೆ ಹೇಳಿದೆ. ಒಂದು ಕಡೆ ನನಗೇ ಸಂಶಯ ಬಂತು, ಆ ಪಂಡಿತರು ನೆನಪಾದರು. ನನಗೆ ತಿಳಿಯಲಿಲ್ಲ ಎಂದು ಹೇಳಿ ಮತ್ತೆ ಕೇಳಿ ತಿಳಿದುಕೊಂಡೆ.

ಅಣ್ಣ ಈಗ ದಿನಕ್ಕೆ ಐದು ಅರಬ್ಬಿ ಮಾತು ಕಲಿಯುತ್ತಾನೆ, ಅಲ್ಲಿಯ ಕಿರಾಣಿ ಅಂಗಡಿಯವರೇ ಅವನ ಮೇಷ್ಟ್ರು. ಕಾಗದ ಏನೇ ಇರಲಿ, ಇಬ್ಬರಿಗೆ ಬೇರೆ ಬೇರೆಯಾಗಿ ತೋರಿಸಿ ಕೇಳದೆ ಸಹಿ ಹಾಕುವುದಿಲ್ಲ. ತುಪ್ಪ ಮತ್ತು ಒಣಹುಲ್ಲಿನ ಕಥೆಯನ್ನು ಫೋನಿನಲ್ಲಿ ಹೇಳಿದೆ. ತುಂಬಾ ದಿನಗಳ ಮೇಲೆ ಅವನು ನಕ್ಕ.